ಮೊಣಕಾಲಿಗೆ ಲೇಸರ್, ಮಗುವಿಗೆ ನೀಲಿ ದೀಪ: ಬೆಳಕು ಮೈಯೊಳಗೆ ಎಷ್ಟು ದೂರ ಹೋಗುತ್ತದೆ?

ಶಿರಸಿ_ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಜೀವಮಾನವಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವರು, ಈಗ ಮೆಟ್ಟಿಲು ಹತ್ತುವುದೂ ಕಷ್ಟ. ಎಕ್ಸ್‌ರೇ ತೆಗೆಸಿದೆವು, ಮೂಳೆ ಸವೆತ ಎಂದರು. ಫಿಸಿಯೋಥೆರಪಿಯವರು ವ್ಯಾಯಾಮದ ಜೊತೆ ಲೇಸರ್ ಕೂಡ ಕೊಡೋಣ ಎನ್ನುತ್ತಿದ್ದಾರೆ. ಮೊಣಕಾಲಿಗೆ ಒತ್ತಿ ಹಿಡಿಯುತ್ತಾರೆ, ಬಿಸಿ ಗೊತ್ತಾಗುವುದಿಲ್ಲ, ಬೆಳಕೂ ಕಣ್ಣಿಗೆ ಕಾಣುವುದಿಲ್ಲ. ಆಯಿ ಕೇಳಿದ್ದು ಒಂದೇ ಮಾತು, "ಇದು ಒಳಗೆ ಹೋಗ್ತದಾ, ಸುಮ್ನೆ ದುಡ್ಡಾ?" ನನಗೆ ಉತ್ತರ ಗೊತ್ತಿಲ್ಲ.

ಇದೇ ವಾರ ತಂಗಿಗೆ ಹೆರಿಗೆಯಾಗಿದೆ, ಕುಮಟಾದಲ್ಲಿ. ಮಗುವಿಗೆ ಕಾಮಾಲೆ ಅಂತ ನೀಲಿ ದೀಪದ ಕೆಳಗೆ ಮಲಗಿಸಿದ್ದಾರೆ. ಅಲ್ಲಿ ನೀಲಿ ಬೆಳಕು, ಇಲ್ಲಿ ಕಾಣದ ಬೆಳಕು. ಬೆಳಕು ನಿಜವಾಗಿ ಚರ್ಮ ದಾಟುತ್ತದಾ, ದಾಟಿದರೆ ಎಷ್ಟು ಆಳ, ಬಣ್ಣ ಬದಲಾದರೆ ಏನಾಗುತ್ತದೆ ಅಂತ ತಿಳಿದವರು ಹೇಳಿ.

ಹೊನ್ನಾವರ_ಭೌತಶಾಸ್ತ್ರ:
ಆಯಿ ಕೇಳಿದ್ದು ಸರಿಯಾದ ಪ್ರಶ್ನೆ. ಇಡೀ ವಿಷಯ ಅದರ ಮೇಲೇ ನಿಂತಿದೆ.

ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ ಬೆರಳುಗಳ ಹಿಂದೆ ಹಿಡಿಯಿರಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚ್ ಬಿಳಿ, ಅದರಲ್ಲಿ ಎಲ್ಲ ಬಣ್ಣವೂ ಇದೆ, ಆದರೆ ಈಚೆ ಬಂದದ್ದು ಕೆಂಪು ಮಾತ್ರ. ನೀಲಿ, ಹಸಿರು ಎರಡನ್ನೂ ರಕ್ತದ ಹಿಮೋಗ್ಲೋಬಿನ್ ಹೀರಿಕೊಂಡಿತು. ಇನ್ನೊಂದು ಗಮನಿಸಿ, ಬೆರಳು ಪೂರ್ತಿ ಹೊಳೆದರೂ ಒಳಗಿನ ಮೂಳೆ ಕಾಣುವುದಿಲ್ಲ. ಬೆಳಕು ಆಚೆಯಿಂದ ಈಚೆಗೆ ಬಂದಿದೆ, ಆದರೆ ನೇರವಾಗಿ ಬಂದಿಲ್ಲ. ಮೈಯೊಳಗೆ ಬೆಳಕಿಗೆ ಆಗುವುದು ಈ ಎರಡೇ. ಒಂದು ಹೀರುವಿಕೆ, ಇನ್ನೊಂದು ಚದುರುವಿಕೆ.

ಹೀರುವವರು ಯಾರು? ಹಿಮೋಗ್ಲೋಬಿನ್, ಚರ್ಮದ ಕಪ್ಪು ಬಣ್ಣದ ಮೆಲನಿನ್, ನೀರು, ಸ್ವಲ್ಪ ಮಟ್ಟಿಗೆ ಕೊಬ್ಬು. ಹಿಮೋಗ್ಲೋಬಿನ್ ಮತ್ತು ಮೆಲನಿನ್‌ಗೆ ನೀಲಿ, ಹಸಿರು ಅಂದರೆ ಇಷ್ಟ. ಕೆಂಪಿಗೆ ಬರುವಷ್ಟರಲ್ಲಿ ಅವುಗಳ ಹಸಿವು ಇಳಿಯುತ್ತದೆ. ನೀರು ಉಲ್ಟಾ, ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟುಬಿಡುತ್ತದೆ, ಇನ್‌ಫ್ರಾರೆಡ್‌ನಲ್ಲಿ ದೂರ ಹೋದಂತೆ ಗಟ್ಟಿಯಾಗಿ ಹೀರುತ್ತದೆ. ಈ ಎರಡರ ನಡುವೆ ಒಂದು ಸಂದು ಉಳಿಯುತ್ತದೆ, ಸುಮಾರು 650ರಿಂದ 950 ನ್ಯಾನೊಮೀಟರ್ (ಬೆಳಕಿನ ತರಂಗದೂರದ ಅಳತೆ ಇದು, ಪ್ರತಿ ಬಣ್ಣಕ್ಕೂ ಒಂದೊಂದು ಅಂಕಿ). ಕಡುಗೆಂಪಿನಿಂದ ಕಣ್ಣಿಗೆ ಕಾಣದ ಹತ್ತಿರದ ಇನ್‌ಫ್ರಾರೆಡ್‌ವರೆಗೆ. ಮೈಯೊಳಗೆ ಆಳ ಹೋಗಬೇಕಾದ ಬೆಳಕೆಲ್ಲ ಈ ಸಂದಿಯಲ್ಲೇ ಹೋಗಬೇಕು. ಆಯಿಗೆ ಕೊಡುವ ಲೇಸರ್ ಕಾಣದಿರುವುದು ಇದಕ್ಕೇ.

ಇನ್ನು ಚದುರುವಿಕೆ. ಜುಲೈನಲ್ಲಿ ದೇವಿಮನೆ ಘಟ್ಟದಲ್ಲಿ ಮಂಜು ಕವಿದಾಗ ಹೆಡ್‌ಲೈಟ್ ಹಾಕಿದವರಿಗೆ ಗೊತ್ತು. ಬೆಳಕು ಕಡಿಮೆಯಾಗುವುದಿಲ್ಲ, ಎದುರಿಗೆಲ್ಲ ಬೆಳ್ಳಗೆ ಬೆಳಕೇ, ಆದರೆ ರಸ್ತೆ ಕಾಣುವುದಿಲ್ಲ. ಮಂಜಿನ ಹನಿಗಳು ಬೆಳಕನ್ನು ನುಂಗುವುದಿಲ್ಲ, ದಿಕ್ಕು ತಪ್ಪಿಸುತ್ತವೆ ಅಷ್ಟೆ. ನಮ್ಮ ಚರ್ಮದಲ್ಲಿ ಜೀವಕೋಶ, ಅದರೊಳಗಿನ ಕಣಗಳು, ಕೊಲಾಜೆನ್ ಎಳೆಗಳು ಇದೇ ಕೆಲಸ ಮಾಡುತ್ತವೆ. ಬೆಳಕಿನ ಒಂದು ಕಣ ಸರಾಸರಿ ಪ್ರತಿ 0.1 ಮಿಲಿಮೀಟರಿಗೆ ಒಮ್ಮೆ ಡಿಕ್ಕಿ ಹೊಡೆಯುತ್ತದೆ. ಪ್ರತಿ ಡಿಕ್ಕಿಯಲ್ಲೂ ಹೆಚ್ಚಾಗಿ ಮುಂದಕ್ಕೇ ಹೋಗುತ್ತದೆ, ಸ್ವಲ್ಪ ಸ್ವಲ್ಪ ವಾಲುತ್ತದೆ. ಸುಮಾರು ಒಂದು ಮಿಲಿಮೀಟರ್ ಹೋಗುವಷ್ಟರಲ್ಲಿ ತಾನು ಯಾವ ದಿಕ್ಕಿನಿಂದ ಬಂದೆ ಎನ್ನುವ ಗುರುತೇ ಉಳಿಯುವುದಿಲ್ಲ.

ಹಾಗಾಗಿ "ಲೇಸರ್ ಕಿರಣ ನೇರವಾಗಿ ಕೀಲಿನ ಬಿಂದುವಿಗೆ ಹೋಗಿ ತಾಗುತ್ತದೆ" ಅಂತ ಯಾರಾದರೂ ಚಿತ್ರ ಬರೆದು ತೋರಿಸಿದರೆ ನಂಬಬೇಡಿ. ಚರ್ಮದ ಹೊರಗಿರುವವರೆಗೆ ಅದು ಕಿರಣ. ಒಳಗೆ ಹೋದ ಮೇಲೆ ಅದು ಎಲ್ಲ ಕಡೆ ಹರಡಿದ ಮಂದ ಬೆಳಕು.

ಶಿರಸಿ_ತೋಟದಮನೆ:
ಸರ್, ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಲೆಕ್ಕದಲ್ಲಿ ಹೇಳಿ. ಮೊಣಕಾಲಿನಲ್ಲಿ ಎಷ್ಟು ಆಳಕ್ಕೆ ಎಷ್ಟು ಬೆಳಕು ಉಳಿಯುತ್ತದೆ?

ಹೊನ್ನಾವರ_ಭೌತಶಾಸ್ತ್ರ:
ಒಂದು ಅಂದಾಜು ಲೆಕ್ಕ. 800 ನ್ಯಾನೊಮೀಟರ್ ಹತ್ತಿರದ ಬೆಳಕು ಮೃದು ಅಂಗಾಂಶದಲ್ಲಿ ಪ್ರತಿ 4 ಮಿ.ಮೀ.ಗೆ ಮೂರನೇ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. 4 ಮಿ.ಮೀ.ನಲ್ಲಿ ಮೂರನೇ ಒಂದು, 8ರಲ್ಲಿ ಒಂಬತ್ತನೇ ಒಂದು, 12ರಲ್ಲಿ ಇಪ್ಪತ್ತೇಳನೇ ಒಂದು. ಎರಡು ಸೆಂಟಿಮೀಟರಿಗೆ ಹೋದರೆ ಇನ್ನೂರ ನಲವತ್ತಮೂರನೇ ಒಂದು. ಸೊನ್ನೆ ಆಗುವುದಿಲ್ಲ, ಆದರೆ ಬಹಳ ಕಡಿಮೆ. ಅದೇ ನೀಲಿ ಬೆಳಕಾದರೆ ಒಂದೆರಡು ಮಿ.ಮೀ. ಒಳಗೇ ಬಹುಪಾಲು ಮುಗಿಯುತ್ತದೆ.

ಮನುಷ್ಯರಿಂದ ಮನುಷ್ಯರಿಗೆ ಇದು ಬದಲಾಗುತ್ತದೆ. ಕೊಬ್ಬಿನ ಪದರ, ಚರ್ಮದ ಬಣ್ಣ, ಆ ಜಾಗದ ರಕ್ತ, ಎಲ್ಲವೂ ಸೇರುತ್ತದೆ. ಆದರೆ ಆಯಿಗೆ ಉತ್ತರ ಹೇಳುವಷ್ಟು ಇದು ಸಾಕು. ಒಳಗೆ ಹೋಗುತ್ತದೆ. ಕೀಲಿನ ಹೊರ ಪೊರೆ ಚರ್ಮಕ್ಕೆ ಹತ್ತಿರ ಇರುವ ಬದಿಯ ಜಾಗಗಳಲ್ಲಿ ಒಂದಷ್ಟು ತಲುಪುತ್ತದೆ. ಮಧ್ಯದ ಆಳಕ್ಕೆ ತೀರಾ ಸ್ವಲ್ಪ.

ಕಾಳಿದಂಡೆ_ಟೆಕ್ನಿಷಿಯನ್:
ನಾನು ಕಾರವಾರದವನು. ಆಸ್ಪತ್ರೆ ಯಂತ್ರಗಳ ರಿಪೇರಿ ನನ್ನ ಕೆಲಸ, ಕಾರವಾರದಿಂದ ಭಟ್ಕಳದವರೆಗೆ ಓಡಾಟ. ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಒತ್ತಿ ಹಿಡಿಯುವುದು ಸುಮ್ಮನೆ ಅಲ್ಲ. ಒತ್ತಿದಾಗ ಆ ಜಾಗದ ರಕ್ತ ಪಕ್ಕಕ್ಕೆ ಸರಿಯುತ್ತದೆ, ಪದರ ತೆಳುವಾಗುತ್ತದೆ, ಚರ್ಮದ ಮೇಲಿಂದ ವಾಪಸ್ ಹಾರಿಹೋಗುವ ಬೆಳಕೂ ಕಡಿಮೆಯಾಗುತ್ತದೆ. ಈ ಉಪಾಯಕ್ಕೆ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸು. ಡೆನ್ಮಾರ್ಕಿನಲ್ಲಿ ಕೆಲಸ ಮಾಡಿದ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಡುತ್ತಿದ್ದರು, ಅದಕ್ಕೆ 1903ರಲ್ಲಿ ನೊಬೆಲ್ ಬಂತು. ಅವರು ಕಿವಿಯ ಹಿಂದೆ ಫೋಟೋ ಕಾಗದ ಇಟ್ಟು ಮುಂದಿನಿಂದ ಬೆಳಕು ಬಿಟ್ಟು ನೋಡಿದರು. ಕಾಗದ ಕಪ್ಪಾಗಲಿಲ್ಲ. ಗಾಜಿನ ಪಟ್ಟಿಗಳ ನಡುವೆ ಕಿವಿ ಒತ್ತಿ ರಕ್ತ ಹೊರಗೆ ಸರಿಸಿ ಮತ್ತೆ ಬೆಳಕು ಬಿಟ್ಟಾಗ ಬೇಗ ಕಪ್ಪಾಯಿತು. ಆಮೇಲೆ ಅವರ ದೀಪದ ಜೊತೆ ನೀರು ಹರಿದು ತಂಪಾಗುವ ಸ್ಫಟಿಕದ ಬಿಲ್ಲೆ ಬಂತು, ದಾದಿಯರು ಅದನ್ನು ರೋಗಿಯ ಚರ್ಮಕ್ಕೆ ಒತ್ತಿ ಹಿಡಿಯುತ್ತಿದ್ದರು. ಎಷ್ಟು ಸರಳ, ಎಷ್ಟು ಜಾಣತನ!

ಎರಡನೆಯದು, ಎರಡು ಯಂತ್ರಗಳನ್ನು ಒಂದೇ ಅಂದುಕೊಳ್ಳಬೇಡಿ. ಫಿಸಿಯೋಥೆರಪಿಯಲ್ಲಿ ಕೆಂಪು ಬಲ್ಬಿನ ಐಆರ್ (ಇನ್‌ಫ್ರಾರೆಡ್) ಲ್ಯಾಂಪ್ ಇರುತ್ತದೆ, ಅದು ಶಾಖ ಕೊಡಲಿಕ್ಕೆ. ಅದರ ಬೆಳಕಿನ ದೊಡ್ಡ ಪಾಲನ್ನು ಚರ್ಮದ ಮೇಲ್ಪದರದ ನೀರೇ ಹೀರಿಕೊಂಡು ಬಿಸಿಯಾಗುತ್ತದೆ. ನೋವಿಗೆ ಆ ಬಿಸಿ ಹಿತ, ಅದರಲ್ಲಿ ತಪ್ಪೇನಿಲ್ಲ. ಲೇಸರ್ ಬೇರೆ, ಸಾಮಾನ್ಯವಾಗಿ 808 ಅಥವಾ 904 ನ್ಯಾನೊಮೀಟರ್, ಅದು ಬಿಸಿ ಮಾಡಲಿಕ್ಕಲ್ಲ. ಯಂತ್ರದ ಹಿಂದೆ ಲೇಬಲ್ ಇರುತ್ತದೆ. ತರಂಗದೂರ ಎಷ್ಟು, ಎಷ್ಟು ಮಿಲಿವಾಟ್, ಯಾವ ಕ್ಲಾಸ್ (ಅಪಾಯದ ದರ್ಜೆ), ಮೂರನ್ನೂ ಓದಿಕೊಂಡು ಬನ್ನಿ.

ಸದಾಶಿವಗಡ_ಅಮ್ಮ:
ಮೊಣಕಾಲಿನ ಮಾತು ಮುಂದುವರಿಯಲಿ, ಆದರೆ ಮೊದಲು ಮಗುವಿನ ವಿಷಯ ಯಾರಾದರೂ ಹೇಳಿ. ನನ್ನ ಮಗನಿಗೂ ಹುಟ್ಟಿದ ಮೂರನೇ ದಿನ ಕಾಮಾಲೆ ಏರಿತ್ತು. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ, ಬೆಳಿಗ್ಗೆಯ ಎಳೆ ಬಿಸಿಲಿಗೆ ಹಿಡಿ, ಹೋಗುತ್ತದೆ. ಒಂದು ಆಸ್ಪತ್ರೆಯಲ್ಲೂ ಹಾಗೇ ಹೇಳಿ ಕಳಿಸಿದರು, ರಕ್ತ ಪರೀಕ್ಷೆಯನ್ನೂ ಮಾಡಲಿಲ್ಲ. ಎರಡು ದಿನ ಬಿಟ್ಟು ಮಗು ಹಾಲು ಕುಡಿಯದೆ ಮಲಗಿದಾಗ ಬೇರೆ ಕಡೆ ಓಡಿದೆವು, ನೇರ ಎನ್‌ಐಸಿಯು, ಅಂದರೆ ಶಿಶುಗಳ ತೀವ್ರ ನಿಗಾ ಘಟಕ. ಈಗ ಅವನು ಚೆನ್ನಾಗಿದ್ದಾನೆ. ಆದರೆ ಆ ಎರಡು ದಿನ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಬಿಸಿಲಲ್ಲೂ ನೀಲಿ ಬೆಳಕು ಇದೆ ಅಲ್ವಾ? ಮತ್ತೆ ಯಾಕೆ ಸಾಲುವುದಿಲ್ಲ?

ಅಂಕೋಲಾ_ನರ್ಸಕ್ಕ:
ನವಜಾತ ಶಿಶುಗಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ, ಇದನ್ನು ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಮಗುವಿನ ಮೈ ಹಳದಿಯಾಗುವುದು ಬಿಲಿರುಬಿನ್‌ನಿಂದ. ಹಳೆಯ ಕೆಂಪು ರಕ್ತಕಣ ಒಡೆದಾಗ ಅದು ಬರುತ್ತದೆ. ದೊಡ್ಡವರ ಯಕೃತ್ತು ಅದನ್ನು ಪಿತ್ತದ ಮೂಲಕ ಹೊರಗೆ ಹಾಕುತ್ತದೆ, ಹುಟ್ಟಿದ ಮಗುವಿನ ಯಕೃತ್ತು ಇನ್ನೂ ಕೆಲಸಕ್ಕೆ ಪಳಗಿರುವುದಿಲ್ಲ. ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಮೂತ್ರದಲ್ಲಿ ಹೋಗುವುದಿಲ್ಲ. ತೀರಾ ಹೆಚ್ಚಾದರೆ ಮಿದುಳಿಗೆ ಸೇರಿ ಶಾಶ್ವತ ಹಾನಿ ಮಾಡುತ್ತದೆ, ಕಿವಿ ಕೇಳದಂತಾಗಬಹುದು, ಕೈಕಾಲು ಸೆಟೆಯಬಹುದು. ಆದ್ದರಿಂದಲೇ ನಾವು ಇದರ ಬಗ್ಗೆ ಅಷ್ಟು ಹಟ ಹಿಡಿಯುವುದು.

ಬಿಲಿರುಬಿನ್ ಹಳದಿ ಕಾಣುವುದು ಅದು ನೀಲಿಯನ್ನು ಹೀರುವುದರಿಂದ. 460ರಿಂದ 490 ನ್ಯಾನೊಮೀಟರಿನ ನೀಲಿ ಬೆಳಕು ಬಿದ್ದಾಗ ಆ ಅಣುವಿನ ಆಕಾರವೇ ತಿರುಚಿಕೊಳ್ಳುತ್ತದೆ. ಆಕಾರ ಬದಲಾದ ಬಿಲಿರುಬಿನ್ ನೀರಿನಲ್ಲಿ ಕರಗುತ್ತದೆ, ಯಕೃತ್ತಿನ ಕೆಲಸ ಕಾಯದೆ ಪಿತ್ತದಲ್ಲಿ, ಮೂತ್ರದಲ್ಲಿ ಹೊರಟುಹೋಗುತ್ತದೆ. ನೀಲಿ ಬೆಳಕು ಆಳ ಹೋಗುವುದಿಲ್ಲ ಅಂತ ಸರ್ ಹೇಳಿದರಲ್ಲ, ಇಲ್ಲಿ ಆಳ ಬೇಕಾಗಿಯೇ ಇಲ್ಲ. ಚರ್ಮದ ಸಣ್ಣ ರಕ್ತನಾಳಗಳಲ್ಲಿ ರಕ್ತ ಓಡುತ್ತಲೇ ಇರುತ್ತದೆ. ಒಳಗಿನ ಬಿಲಿರುಬಿನ್ ತಾನಾಗಿ ಬೆಳಕಿನ ಹತ್ತಿರ ಬರುತ್ತದೆ.

ಆಳ ಇಲ್ಲದ್ದಕ್ಕೇ ಅಗಲ ಬೇಕು. ಎಷ್ಟು ಚರ್ಮಕ್ಕೆ ಬೆಳಕು ಬಿದ್ದರೆ ಅಷ್ಟು ಕೆಲಸ. ಮಗುವಿಗೆ ಡಯಾಪರ್ ಬಿಟ್ಟು ಬೇರೆ ಬಟ್ಟೆ ಹಾಕುವುದಿಲ್ಲ, ಕಣ್ಣಿಗೆ ಮಾತ್ರ ಪಟ್ಟಿ ಕಟ್ಟುತ್ತೇವೆ. ಅಜ್ಜಿಯಂದಿರು ಥಂಡಿ ಆಗುತ್ತದೆ ಅಂತ ಮೇಲೊಂದು ಬಟ್ಟೆ ಹೊದೆಸುತ್ತಾರೆ, ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಆ ಬಟ್ಟೆಯ ಅಡಿಗೆ ಚಿಕಿತ್ಸೆ ನಡೆಯುವುದಿಲ್ಲ.

ಬಿಸಿಲಿನ ಮಾತು. ಈ ಚಿಕಿತ್ಸೆ ಹುಟ್ಟಿದ್ದೇ ಬಿಸಿಲಿನಿಂದ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಶಿಶುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ಮಗುವಿನ ಮೈಯೆಲ್ಲ ತಿಳಿಯಾಗಿದೆ, ಬಟ್ಟೆಯ ತುದಿ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಳದಿ ಉಳಿದಿದೆ ಅಂತ ಅವರು ವೈದ್ಯರಿಗೆ ತೋರಿಸಿದರು. ಬಿಸಿಲಿನಲ್ಲಿ ಉಳಿದುಹೋದ ರಕ್ತದ ಟ್ಯೂಬಿನಲ್ಲೂ ಬಿಲಿರುಬಿನ್ ಇಳಿದಿತ್ತು. 1958ರಲ್ಲಿ ಕ್ರೆಮರ್ ಮತ್ತು ಜೊತೆಯವರು ದೀಪದ ತೊಟ್ಟಿಲು ಮಾಡಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಒಬ್ಬ ನರ್ಸ್ ಕಣ್ಣಿಟ್ಟು ನೋಡಿದ್ದರಿಂದ ಬಂದ ಚಿಕಿತ್ಸೆ ಇದು, ನಮ್ಮ ವೃತ್ತಿಯ ಬಗ್ಗೆ ನನಗೆ ಹೆಮ್ಮೆ ಇರುವುದು ಇಂಥದ್ದಕ್ಕೆ.

ಹಾಗಾದರೆ ಬಿಸಿಲು ಯಾಕೆ ಬೇಡ? ಬಿಸಿಲಿನಲ್ಲಿ ಬೇಕಾದ ನೀಲಿಯ ಜೊತೆ ಬೇಡದ ಅಲ್ಟ್ರಾವಯಲೆಟ್ ಇದೆ, ಎಳೆ ಚರ್ಮ ಸುಡುತ್ತದೆ. ಇನ್‌ಫ್ರಾರೆಡ್ ಶಾಖ ಇದೆ, ಮಗುವಿನ ಮೈ ಕಾಯುತ್ತದೆ, ನೀರಿನಂಶ ಹೋಗುತ್ತದೆ. ಬಟ್ಟೆ ತೆಗೆದು ಗಂಟೆಗಟ್ಟಲೆ ಯಾರೂ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಬೆಳಗಿನ ಹತ್ತು ನಿಮಿಷದ ಬಿಸಿಲಿನಿಂದ ಏರಿದ ಬಿಲಿರುಬಿನ್ ಇಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನೇ ಹುಡುಕಬೇಕು, ಮಕ್ಕಳು ಹುಟ್ಟುವುದು ಮಳೆ ನೋಡಿಕೊಂಡಲ್ಲ.

ಕಾಳಿದಂಡೆ_ಟೆಕ್ನಿಷಿಯನ್:
ನರ್ಸಕ್ಕ ಹೇಳಿದ್ದು ಪೂರ್ತಿ ಸರಿ. ಬಿಸಿಲನ್ನು ಸರಿಯಾಗಿ ಬಳಸಿದವರೂ ಇದ್ದಾರೆ. ನೈಜೀರಿಯಾದಲ್ಲಿ ಕರೆಂಟು ನಂಬುವ ಹಾಗಿಲ್ಲದ ಕಡೆ, ಅಲ್ಟ್ರಾವಯಲೆಟ್ ಮತ್ತು ಶಾಖದ ಬಹುಪಾಲನ್ನು ತಡೆದು ನೀಲಿಯನ್ನು ಬಿಡುವ ಫಿಲ್ಮ್ ಹೊದಿಸಿದ ಚಪ್ಪರದ ಕೆಳಗೆ ಶಿಶುಗಳನ್ನು ಮಲಗಿಸಿದರು. ಅದು ಮಾಮೂಲಿ ದೀಪಕ್ಕಿಂತ ಕಡಿಮೆಯೇನಲ್ಲ ಅಂತ 2015ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಮೈಯ ಬಿಸಿಯನ್ನು ಪದೇ ಪದೇ ಅಳೆಯುತ್ತಿದ್ದರು, ರಕ್ತ ಪರೀಕ್ಷೆ ಮಾಡುತ್ತಿದ್ದರು. ಮನೆ ಅಂಗಳದ ಬಿಸಿಲಿಗೂ ಅದಕ್ಕೂ ಹೋಲಿಕೆ ಇಲ್ಲ.

ದೀಪದ ಬಗ್ಗೆ ಒಂದು ವಿಷಯ ಎಲ್ಲ ಆಸ್ಪತ್ರೆಯವರೂ ಕೇಳಿಸಿಕೊಳ್ಳಲಿ. ದೀಪ ನೀಲಿಯಾಗಿ ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದಲ್ಲ. ಹಳೆಯ ಟ್ಯೂಬುಗಳು ಗಂಟೆ ಕಳೆದಂತೆ ಮಂದವಾಗುತ್ತವೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎಲ್‌ಇಡಿ ಹೆಚ್ಚು ಕಾಲ ಬರುತ್ತದೆ, ಆದರೆ ಅದೂ ಶಾಶ್ವತವಲ್ಲ. ಅಳೆಯಲು ರೇಡಿಯೋಮೀಟರ್ ಬೇಕು. ತೀವ್ರ ಚಿಕಿತ್ಸೆಗೆ ಪ್ರತಿ ಚದರ ಸೆಂ.ಮೀ.ಗೆ, ಪ್ರತಿ ನ್ಯಾನೊಮೀಟರಿಗೆ ಕನಿಷ್ಠ 30 ಮೈಕ್ರೋವಾಟ್ ಇರಬೇಕು. ದೀಪ ಮೇಲೆ ಸರಿದಷ್ಟೂ ಈ ಅಂಕಿ ಇಳಿಯುತ್ತದೆ. ನಾನು ಹೋದ ಒಂದು ಕಡೆ ದೀಪವನ್ನು ಯಾರದೋ ಓಡಾಟಕ್ಕೆ ಅಡ್ಡ ಎಂದು ಮೇಲಕ್ಕೇರಿಸಿದ್ದರು, ಇಳಿಸಿ ಅಳೆದಾಗ ಅಂಕಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹೊಸ ಯಂತ್ರ ಬೇಕಿರಲಿಲ್ಲ, ದೀಪ ಇಳಿಸಿದ್ದೇ ಸಾಕಾಯಿತು.

ಸದಾಶಿವಗಡ_ಅಮ್ಮ:
ನರ್ಸಕ್ಕ, ತುಂಬಾ ಥ್ಯಾಂಕ್ಸ್. ಇದನ್ನು ನಮ್ಮ ಬಾಣಂತಿಯರ ಗುಂಪಿಗೆ ಕಳಿಸುತ್ತೇನೆ. ದೀಪದ ಕೆಳಗೆ ಮಗುವಿನ ಹಳದಿ ಬೇಗ ಹೋಯಿತು, ಆದರೂ ಡಾಕ್ಟರ್ ಡಿಸ್ಚಾರ್ಜ್ ಮಾಡಲಿಲ್ಲ, ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಅಂಕೋಲಾ_ನರ್ಸಕ್ಕ:
ಬೆಳಕು ಬಿದ್ದ ಚರ್ಮ ಮೊದಲು ತಿಳಿಯಾಗುತ್ತದೆ, ರಕ್ತದಲ್ಲಿ ಇನ್ನೂ ಇರುತ್ತದೆ. ಚಿಕಿತ್ಸೆ ಶುರುವಾದ ಮೇಲೆ ಬಣ್ಣ ನೋಡಿ ಹೇಳಲು ಬರುವುದಿಲ್ಲ, ರಕ್ತವನ್ನೇ ನೋಡಬೇಕು. ಮತ್ತೆ ಒಂದು ಮಾತು, ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಬಂದರೆ, ಮಗು ಹಾಲು ಬಿಟ್ಟರೆ ಕಾಯಬೇಡಿ. ರಾತ್ರಿಯಾದರೂ ಹೊರಡಿ.

ಯಲ್ಲಾಪುರದಿಂದ:
ನನಗೆ ತೊನ್ನು ಇದೆ. ಹುಬ್ಬಳ್ಳಿಗೆ ಹೋಗಿ ಬೆಳಕಿನ ಚಿಕಿತ್ಸೆ ತಗೊಳ್ಳುತ್ತಿದ್ದೇನೆ. ಪೆಟ್ಟಿಗೆಯೊಳಗೆ ನಿಲ್ಲಿಸುತ್ತಾರೆ. ಮುಖ, ಕತ್ತಿನಲ್ಲಿ ಬಣ್ಣ ವಾಪಸ್ ಬರುತ್ತಿದೆ, ಕೈ ಬೆರಳಿನಲ್ಲಿ ಇಲ್ಲ. ಅಲ್ಲಿ ಬೆಳಕು ಒಳಗೆ ಹೋಗುತ್ತಿಲ್ಲವಾ? ಊರಲ್ಲಿ ಕೆಲವರು ಬಾಕುಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರು ಎನ್ನುತ್ತಾರೆ.

ಹೊನ್ನಾವರ_ಭೌತಶಾಸ್ತ್ರ:
ನಿಮಗೆ ಕೊಡುತ್ತಿರುವುದು ಬಹುಶಃ 311 ನ್ಯಾನೊಮೀಟರಿನ ನ್ಯಾರೋಬ್ಯಾಂಡ್ ಯುವಿಬಿ, ಅಂದರೆ ಒಂದು ಬಗೆಯ ಅಲ್ಟ್ರಾವಯಲೆಟ್, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಅದು ನೀಲಿಗಿಂತಲೂ ಕಡಿಮೆ ಆಳ ಹೋಗುತ್ತದೆ, ಹೆಚ್ಚಿನ ಪಾಲು ಚರ್ಮದ ಹೊರ ಪದರದಲ್ಲೇ ಮುಗಿಯುತ್ತದೆ. ಆ ಪದರ ಬಹಳ ಕಡೆ 0.1 ಮಿ.ಮೀ. ಅಷ್ಟೇ ದಪ್ಪ. ಬಣ್ಣ ಮಾಡುವ ಕೋಶಗಳು ಇರುವುದು ಆ ಪದರದ ತಳದಲ್ಲಿ, ಅಲ್ಲಿಗೆ ತಲುಪಿದರೆ ಸಾಕು. ಬೆರಳಿನಲ್ಲಿ ಬಾರದಿರಲು ಕಾರಣ ಬೆಳಕಲ್ಲ, ಕೂದಲು. ಹೊಸ ಬಣ್ಣದ ಕೋಶಗಳು ಕೂದಲಿನ ಬುಡದಿಂದ ಮೇಲೆ ಹತ್ತಿ ಬರುತ್ತವೆ. ಮುಖದಲ್ಲಿ ಸಣ್ಣ ಕೂದಲು ತುಂಬಾ, ಬೆರಳ ತುದಿಯಲ್ಲಿ ಇಲ್ಲವೇ ಇಲ್ಲ.

ಬಾಕುಚಿಯಲ್ಲಿ ಸೊರಾಲೆನ್ ಇದೆ, ಅದು ನಿಜ. ಚರ್ಮವನ್ನು ಯುವಿಎಗೆ (ಅಲ್ಟ್ರಾವಯಲೆಟ್‌ನ ಇನ್ನೊಂದು ಬಗೆ) ವಿಪರೀತ ಸೂಕ್ಷ್ಮ ಮಾಡುತ್ತದೆ. ಆಸ್ಪತ್ರೆಯಲ್ಲಿ ಸೊರಾಲೆನ್ ಕೊಟ್ಟು ಯುವಿಎ ಬಿಡುವ ಪದ್ಧತಿಯೂ ಇದೆ, ಆದರೆ ಔಷಧಿಯ ಅಳತೆ, ಬೆಳಕಿನ ಅಳತೆ ಎರಡೂ ಅವರ ಕೈಯಲ್ಲಿರುತ್ತದೆ. ಬೀಜ ಅರೆದು ಹಚ್ಚಿ ಮಧ್ಯಾಹ್ನದ ಬಿಸಿಲಿಗೆ ಕೂತರೆ ಎರಡೂ ಯಾರ ಕೈಯಲ್ಲೂ ಇಲ್ಲ. ಬೊಬ್ಬೆ ಎದ್ದು ಸುಡುತ್ತದೆ, ಸುಟ್ಟ ಜಾಗದಲ್ಲಿ ತೊನ್ನು ಮತ್ತೆ ಹರಡಲೂಬಹುದು. ದಯವಿಟ್ಟು ಮಾಡಬೇಡಿ.

ಯಲ್ಲಾಪುರದಿಂದ:
ಧನ್ಯವಾದ ಸರ್. ಕೂದಲಿನ ವಿಷಯ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಗೋಕರ್ಣ_ಓದುಗಿ:
ಕಾರವಾರದ ಒಂದು ಪಾರ್ಲರಿನಲ್ಲಿ ನನ್ನ ಗೆಳತಿಗೆ ಕೂದಲು ತೆಗೆಯುವ ಲೇಸರ್ ಮಾಡಿ ಗಲ್ಲ ಸುಟ್ಟಿದೆ. ಅವಳದು ಕಪ್ಪು ಮೈಬಣ್ಣ. "ನಿಮ್ಮ ಚರ್ಮವೇ ಹಾಗೆ" ಅಂದರಂತೆ. ಹೌದಾ ಇದು?

ಕಾಳಿದಂಡೆ_ಟೆಕ್ನಿಷಿಯನ್:
ಚರ್ಮದ ತಪ್ಪಲ್ಲ, ಯಂತ್ರದ ಆಯ್ಕೆಯ ತಪ್ಪು, ಅಥವಾ ನಡೆಸಿದವರ ತಪ್ಪು. ಕೂದಲಿನ ಮೆಲನಿನ್ ಬೆಳಕು ಹೀರಿ ಬಿಸಿಯಾಗಿ ಬುಡ ಸಾಯಬೇಕು, ಅದು ಲೆಕ್ಕ. ಮೇಲಿನ ಚರ್ಮದಲ್ಲೂ ಅದೇ ಮೆಲನಿನ್ ಇದೆ. ತರಂಗದೂರ ಹೆಚ್ಚಿದಷ್ಟೂ ಮೆಲನಿನ್ ಹೀರುವುದು ಕಡಿಮೆ, ಆಳ ಹೋಗುವುದು ಹೆಚ್ಚು. 755ರ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿ ಚರ್ಮಕ್ಕೆ ಸರಿ. ಕಪ್ಪು ಚರ್ಮಕ್ಕೆ 1064ರ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ. ನಡುವಿನ 810ರ ಡಯೋಡ್ ಬಳಸಿದರೆ ಶಕ್ತಿ ತಗ್ಗಿಸಿ, ಬೆಳಕಿನ ಮಿಡಿತವನ್ನು ಉದ್ದ ಮಾಡಿ, ಚರ್ಮವನ್ನು ತಂಪಾಗಿಡಬೇಕು. ಮಿಡಿತ ಉದ್ದವಾದರೆ ಸಣ್ಣ ಮೆಲನಿನ್ ಕಣಗಳಿಗೆ ಬಿಸಿ ಬಿಟ್ಟುಕೊಡಲು ಸಮಯ ಸಿಗುತ್ತದೆ, ದಪ್ಪ ಕೂದಲು ಬಿಸಿ ಹಿಡಿದುಕೊಂಡೇ ಇರುತ್ತದೆ. ಈ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲೇ ಬರೆದಿಟ್ಟಿದ್ದಾರೆ. ಗೆಳತಿಯನ್ನು ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಗಾಯ ಆರುವವರೆಗೆ ಬಿಸಿಲು ತಾಗಿಸಬೇಡಿ.

ಅಂಕೋಲಾ_ನರ್ಸಕ್ಕ:
ಚರ್ಮದ ಬಣ್ಣದ ಮಾತು ಬಂತು, ಬೆರಳಿಗೆ ಹಾಕುವ ಆಕ್ಸಿಮೀಟರ್ ಬಗ್ಗೆಯೂ ಹೇಳಲೇಬೇಕು. ಕೋವಿಡ್ ಸಮಯದಲ್ಲಿ ಕೊಂಡದ್ದು ಎಷ್ಟೋ ಮನೆಯಲ್ಲಿ ಇನ್ನೂ ಇದೆ. ಅದರಲ್ಲಿ ಎರಡು ಬೆಳಕು, 660ರ ಕೆಂಪು ಮತ್ತು 940ರ ಇನ್‌ಫ್ರಾರೆಡ್. ಆಮ್ಲಜನಕ ತುಂಬಿದ ರಕ್ತ ಕೆಂಪನ್ನು ಹೆಚ್ಚು ಬಿಡುತ್ತದೆ, ಇಲ್ಲದ ರಕ್ತ ಹೆಚ್ಚು ಹೀರುತ್ತದೆ. ಚರ್ಮ, ಮೂಳೆ, ಉಗುರು ಕೂಡ ಹೀರುತ್ತವೆ, ಆದರೆ ನಾಡಿ ಬಡಿದಾಗ ಬದಲಾಗುವುದು ಅಪಧಮನಿಯ ರಕ್ತ ಮಾತ್ರ. ಆ ಬದಲಾಗುವ ಭಾಗವನ್ನಷ್ಟೇ ಲೆಕ್ಕ ಹಾಕಿದರೆ ಸಾಕು ಅಂತ ಹೊಳೆದದ್ದು ಜಪಾನಿನ ತಕುವೊ ಅವೊಯಾಗಿಯವರಿಗೆ, 1970ರ ದಶಕದ ಮೊದಲಲ್ಲಿ. ಅವರು ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ, ಜಗತ್ತೇ ಅವರ ಯಂತ್ರ ಹಿಡಿದು ಕೂತಿದ್ದ ಹೊತ್ತಲ್ಲಿ.

ಅದೇ ವರ್ಷ ಅಮೆರಿಕದ ಒಂದು ಅಧ್ಯಯನ ಬಂತು. ಯಂತ್ರ 92ರಿಂದ 96 ತೋರಿಸಿದ ರೋಗಿಗಳಲ್ಲಿ ರಕ್ತದ ನಿಜವಾದ ಅಂಕಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ನೂರಕ್ಕೆ ಸುಮಾರು 4, ಕಪ್ಪು ಜನರಲ್ಲಿ ಸುಮಾರು 12. ನಮ್ಮ ಕರಾವಳಿಯಲ್ಲಿ ದಿನವಿಡೀ ದೋಣಿಯ ಮೇಲೆ ಬಿಸಿಲಲ್ಲಿ ದುಡಿಯುವವರಿಗೆ ಇದು ಮುಖ್ಯ. ಅಂಕಿ 94 ಇದ್ದರೂ ಉಸಿರು ಸಿಗುತ್ತಿಲ್ಲ ಎನ್ನುವವರನ್ನು ನಂಬಿ, ಯಂತ್ರವನ್ನಲ್ಲ. ಉಗುರು ಬಣ್ಣ ತೆಗೆಯಿರಿ, ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡಿ ನೋಡಿ.

ಕುಮಟಾ_ಬಿಎಸ್ಸಿ:
ಮಧ್ಯದಲ್ಲಿ ಬರುತ್ತಿದ್ದೇನೆ. ಬೆಳಕು ಆಳ ಹೋಗದಿದ್ದರೆ ಕಿಡ್ನಿ ಕಲ್ಲನ್ನು ಲೇಸರ್‌ನಲ್ಲಿ ಒಡೆಯುವುದು ಹೇಗೆ? ಕ್ಯಾನ್ಸರಿಗೂ ಬೆಳಕಿನ ಚಿಕಿತ್ಸೆ ಇದೆ ಅಂತ ಓದಿದ್ದೆ.

ಹೊನ್ನಾವರ_ಭೌತಶಾಸ್ತ್ರ:
ಕಿಡ್ನಿ ಕಲ್ಲಿಗೆ ಹೊರಗಿನಿಂದ ಬೆಳಕು ಬಿಡುವುದಿಲ್ಲ. ಮೂತ್ರದ ದಾರಿಯಲ್ಲಿ ಸಣ್ಣ ದುರ್ಬೀನು ಕಳಿಸಿ, ಅದರೊಳಗೆ ಗಾಜಿನ ಎಳೆ ತೂರಿಸಿ, ಕಲ್ಲಿಗೆ ತಾಗಿಸಿಯೇ ಲೇಸರ್ ಬಿಡುತ್ತಾರೆ. ಹೋಲ್ಮಿಯಂ ಲೇಸರ್, ಸುಮಾರು 2100 ನ್ಯಾನೊಮೀಟರ್. ನೀರು ಅದನ್ನು ಅರ್ಧ ಮಿ.ಮೀ. ಸುತ್ತಿನಲ್ಲೇ ಹೀರಿಬಿಡುತ್ತದೆ, ಹಾಗಾಗಿ ಕಲ್ಲು ಒಡೆಯುತ್ತದೆ, ಸ್ವಲ್ಪ ಪಕ್ಕದಲ್ಲಿರುವ ಗೋಡೆ ಉಳಿಯುತ್ತದೆ. ಆಳ ಹೋಗದಿರುವುದೇ ಇಲ್ಲಿ ರಕ್ಷಣೆ. ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಚಿಕಿತ್ಸೆಯ 193 ನ್ಯಾನೊಮೀಟರಿನ ಲೇಸರ್ ಕೂಡ ಹಾಗೇ, ಕಣ್ಣಿನ ಹೊರ ಪೊರೆಯನ್ನು ಮೈಕ್ರಾನ್ ಲೆಕ್ಕದಲ್ಲಿ ಕೆತ್ತುತ್ತದೆ, ಒಳಗೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರ ರೆಟಿನಾಕ್ಕೆ ಬಿಡುವ 532ರ ಹಸಿರು ಲೇಸರ್ ಮಾತ್ರ ಕಣ್ಣನ್ನೇ ದಾಟಿ ಹಿಂಗೋಡೆಗೆ ಹೋಗುತ್ತದೆ. ಯಾಕೆಂದರೆ ಕಣ್ಣಿನ ಒಳಭಾಗ ತಿಳಿ, ಚದುರುವಿಕೆ ಇಲ್ಲ, ಹಿಂದಿನ ಪದರದ ಮೆಲನಿನ್ ಅದನ್ನು ಹೀರುತ್ತದೆ. ಹೆಚ್ಚು ಆಳ ಎಂದರೆ ಒಳ್ಳೆಯದು ಅಂತ ಎಲ್ಲೂ ಇಲ್ಲ. ತಲುಪಬೇಕಾದ ಜಾಗಕ್ಕೆ ಸರಿಯಾದ ಬಣ್ಣ ಯಾವುದು, ಅದನ್ನೇ ಹುಡುಕಬೇಕು.

ಕ್ಯಾನ್ಸರಿನದು ಫೋಟೋಡೈನಮಿಕ್ ಚಿಕಿತ್ಸೆ. ಬೆಳಕಿಗೆ ಎಚ್ಚರವಾಗುವ ಔಷಧಿ ಕೊಟ್ಟು, ಗಡ್ಡೆಯ ಮೇಲೆ ಕೆಂಪು ಬೆಳಕು ಬಿಡುತ್ತಾರೆ. ಬೆಳಕು, ಔಷಧಿ, ಆಮ್ಲಜನಕ ಮೂರೂ ಸೇರಿದ ಜಾಗದಲ್ಲಿ ಮಾತ್ರ ಕೋಶ ಸಾಯುತ್ತದೆ. 630ರ ಬೆಳಕಿಗೆ ಒಂದು ಸೆಂಟಿಮೀಟರ್ ಒಳಗಿನ ಮಿತಿ, ಅದಕ್ಕೇ ಅನ್ನನಾಳ, ಶ್ವಾಸನಾಳದ ಒಳಗೋಡೆಯಂಥ ತೆಳು ಗಡ್ಡೆಗಳಿಗೆ ಇದು ಹೊಂದುತ್ತದೆ, ಅಲ್ಲಿಗೂ ಬೆಳಕು ಗಾಜಿನ ಎಳೆಯ ಮೂಲಕವೇ ಹೋಗುತ್ತದೆ. ಈ ಚಿಕಿತ್ಸೆಯ ಹಳೆಯ ಬಗೆಯ ಔಷಧಿ ತೆಗೆದುಕೊಂಡವರು ಕನಿಷ್ಠ 30 ದಿನ ಬಿಸಿಲಿನಿಂದ ದೂರ ಇರಬೇಕಾಗುತ್ತದೆ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಇಷ್ಟೆಲ್ಲ ಚದುರುವ ಬೆಳಕಿನ ಲೆಕ್ಕ ಹಾಕುವ ಸಮೀಕರಣವನ್ನು ಬೆಳೆಸಿದವರಲ್ಲಿ ನಮ್ಮ ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ದೊಡ್ಡ ಹೆಸರು. ಅವರು ಮಾಡಿದ್ದು ನಕ್ಷತ್ರಗಳ ವಾತಾವರಣಕ್ಕೆ. ಇವತ್ತು ಅದೇ ಸಮೀಕರಣ ಹಿಡಿದು ಗಡ್ಡೆಗೆ ಎಷ್ಟು ಬೆಳಕು ಬೇಕು ಅಂತ ಕಂಪ್ಯೂಟರಿನಲ್ಲಿ ಲಕ್ಷಾಂತರ ಕಣಗಳನ್ನು ಒಂದೊಂದಾಗಿ ಹಿಂಬಾಲಿಸಿ ನೋಡುತ್ತಾರೆ.

ಕುಮಟಾ_ಬಿಎಸ್ಸಿ:
ಚದುರುವಿಕೆಯನ್ನೇ ನಿಲ್ಲಿಸಲು ಬರುವುದಿಲ್ಲವಾ ಸರ್?

ಹೊನ್ನಾವರ_ಭೌತಶಾಸ್ತ್ರ:
ಪ್ರಯತ್ನ ನಡೆದಿದೆ. ಚದುರುವುದಕ್ಕೆ ಕಾರಣ ನೀರು ಒಂದು ವಕ್ರೀಭವನ ಸೂಚ್ಯಂಕದ್ದು (ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಅಂಕಿ), ಕೊಬ್ಬು, ಪ್ರೋಟೀನ್ ಇನ್ನೊಂದರದ್ದು. ಎರಡನ್ನೂ ಒಂದೇ ಮಾಡಿದರೆ ಬೆಳಕು ನೇರ ಹೋಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನವರು ಟಾರ್ಟ್ರಾಜಿನ್ ಎಂಬ ಬಣ್ಣವನ್ನು ಇಲಿಯ ಚರ್ಮಕ್ಕೆ ಹಚ್ಚಿದರು. ತಿಂಡಿಗಳಿಗೆ ಹಾಕುವ ಹಳದಿ ಬಣ್ಣ ಅದು. ನೀಲಿಯನ್ನು ಗಟ್ಟಿಯಾಗಿ ಹೀರುವ ಬಣ್ಣ ನೀರಿನಲ್ಲಿ ಕರಗಿದಾಗ ಕೆಂಪು ಬೆಳಕಿಗೆ ನೀರಿನ ಸೂಚ್ಯಂಕ ಏರುತ್ತದೆ, ಕೊಬ್ಬಿನ ಹತ್ತಿರ ಬರುತ್ತದೆ. ಹೊಟ್ಟೆಯ ಚರ್ಮದ ಮೂಲಕ ಕರುಳು ಅಲುಗುವುದು ಕಂಡಿತು. ತೊಳೆದರೆ ಮತ್ತೆ ಮೊದಲಿನಂತೆ. ಇಲಿಯ ಚರ್ಮ ಬಹಳ ತೆಳು, ಮನುಷ್ಯರದು ದಪ್ಪ. ಮನೆಯಲ್ಲಿ ಯಾರೂ ಹಚ್ಚಿಕೊಳ್ಳಬೇಡಿ.

ಶಿರಸಿ_ತೋಟದಮನೆ:
ಮಗು ಡಿಸ್ಚಾರ್ಜ್ ಆಯಿತು. ರಕ್ತ ಪರೀಕ್ಷೆ ಮಾಡಿಯೇ ಕಳಿಸಿದ್ದಾರೆ.

ಇವತ್ತು ಆಯಿಯನ್ನು ಕರೆದುಕೊಂಡು ಹೋಗಿ ಯಂತ್ರದ ಲೇಬಲ್ ಓದಿದೆ. 808 ನ್ಯಾನೊಮೀಟರ್, 200 ಮಿಲಿವಾಟ್, ಕ್ಲಾಸ್ 3ಬಿ. ಒಂದೊಂದು ಜಾಗಕ್ಕೆ 4 ಜೂಲ್ ಕೊಡುತ್ತೇವೆ ಎಂದರು. ಇದು ಸರಿಯಾ? ಕನ್ನಡಕ ಹಾಕಬೇಕಾ ಅಂತ ಕೇಳಿದ್ದಕ್ಕೆ ಬೇಡ, ಬೆಳಕೇ ಕಾಣುವುದಿಲ್ಲವಲ್ಲ ಎಂದರು.

ಕಾಳಿದಂಡೆ_ಟೆಕ್ನಿಷಿಯನ್:
ಕನ್ನಡಕ ಬೇಕೇ ಬೇಕು. ಕಾಣದಿರುವುದಕ್ಕೇ ಹೆಚ್ಚು ಅಪಾಯ. 808ರ ಬೆಳಕು ಕಣ್ಣಿನ ಮಸೂರ ದಾಟಿ ರೆಟಿನಾದ ಮೇಲೆ ಒಂದೇ ಬಿಂದುವಿಗೆ ಸೇರುತ್ತದೆ, ಆದರೆ ಕಣ್ಣಿಗೆ ಪ್ರಖರ ಅನಿಸದ ಕಾರಣ ರೆಪ್ಪೆ ಮುಚ್ಚುವುದಿಲ್ಲ. ಕ್ಲಾಸ್ 3ಬಿ ನೇರ ಬಿದ್ದರೆ ಆದ ಗಾಯ ವಾಪಸ್ ಬರುವುದಿಲ್ಲ. ಆಯಿಗೂ ಬೇಕು, ಹಿಡಿಯುವವರಿಗೂ ಬೇಕು, ಕೋಣೆಯಲ್ಲಿರುವ ನಿಮಗೂ ಬೇಕು. ಸಾಮಾನ್ಯ ತಂಪು ಕನ್ನಡಕ ಅಲ್ಲ, ಕನ್ನಡಕದ ಮೇಲೆ ಅಚ್ಚಾದ ತರಂಗದೂರದ ಅಂಕಿಗಳೊಳಗೆ 808 ಬರಬೇಕು. ಯಂತ್ರದ ಜೊತೆ ಬಂದಿರುತ್ತದೆ, ಡ್ರಾಯರಿನಲ್ಲಿ ಹುಡುಕಲು ಹೇಳಿ.

ಲೆಕ್ಕ ಸುಲಭ. 200 ಮಿಲಿವಾಟ್ ಎಂದರೆ ಸೆಕೆಂಡಿಗೆ 0.2 ಜೂಲ್. 4 ಜೂಲ್ ಕೊಡಲು ಒಂದು ಜಾಗದಲ್ಲಿ 20 ಸೆಕೆಂಡ್ ಒತ್ತಿ ಹಿಡಿಯಬೇಕು. ಗಡಿಯಾರ ನೋಡಿ. ಸುಮ್ನೆ ಆಡಿಸಿ ತೆಗೆದರೆ ಅಷ್ಟು ಹೋಗುವುದಿಲ್ಲ. ಚಿಪ್ಪಿನ ಮೇಲೆ ಹಿಡಿಯುವುದಕ್ಕಿಂತ ಕೀಲಿನ ಎರಡು ಬದಿಯ ಸಂದಿಯಲ್ಲಿ ಹಿಡಿಯಲು ಕೇಳಿ.

ಅಂಕೋಲಾ_ನರ್ಸಕ್ಕ:
ಆಯಿಗೆ ನೇರವಾಗಿಯೇ ಹೇಳಿ. ಮೊಣಕಾಲು ಸವೆತಕ್ಕೆ ಈ ಲೇಸರ್ ಕೊಟ್ಟ ಪರೀಕ್ಷೆಗಳಲ್ಲಿ ಕೆಲವದರಲ್ಲಿ ನೋವು ಇಳಿದಿದೆ, ಕೆಲವದರಲ್ಲಿ ಬೆಳಕೇ ಬಿಡದ ಸುಳ್ಳು ಲೇಸರಿಗಿಂತ ವ್ಯತ್ಯಾಸ ಕಂಡಿಲ್ಲ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮಕ್ಕೆ ಇದಕ್ಕಿಂತ ಗಟ್ಟಿ ಆಧಾರ ಇದೆ. ಲೇಸರಿನಿಂದ ನೋವು ಸ್ವಲ್ಪ ಇಳಿದು ವ್ಯಾಯಾಮ ಮಾಡಲು ಆದರೆ ಒಳ್ಳೆಯದು. ಕೆಲವು ವಾರ ನೋಡಿ, ವ್ಯತ್ಯಾಸ ಇಲ್ಲದಿದ್ದರೆ ಲೇಸರ್ ಬಿಡಿ, ವ್ಯಾಯಾಮ ಬಿಡಬೇಡಿ. ಮತ್ತೆ ಈ ಸಲ ಅಡಿಕೆ ಸುಲಿಯಲು ಅವರನ್ನು ನೆಲಕ್ಕೆ ಕೂರಿಸಬೇಡಿ.

ಶಿರಸಿ_ತೋಟದಮನೆ:
ಆಯಿಗೆ ಎಲ್ಲ ಓದಿ ಹೇಳಿದೆ. ಕನ್ನಡಕ ಸಿಕ್ಕರೆ ಮಾತ್ರ ಬರುತ್ತೇನೆ ಎಂದಿದ್ದಾರೆ. ಸೋಮವಾರ ಫೋನ್ ಮಾಡಿ ಕೇಳುತ್ತೇನೆ.